ಎರಡು ಬೀಗದ ಗೇಟು

ವಿಮಾನಪುರ
೧೨ ಜನವರಿ ೨೦೨೫

ಖುರ್ಷೀದಾ,

ಇಷ್ಟು ವರ್ಷಗಳ ನಂತರ ನನ್ನ ಕೈಬರಹದ ಗುರುತು ನಿನಗೆ ಸಿಗುತ್ತದೋ ಇಲ್ಲವೋ. ಬಿ.ಎ. ತರಗತಿಯಲ್ಲಿ ನಿನ್ನ ಪಕ್ಕ ಕೂತು ಲೈಬ್ರರಿಯ ಕವನ ಸಂಕಲನಗಳ ಅಂಚಿನಲ್ಲೆಲ್ಲ ಗೀಚುತ್ತಿದ್ದ ಆದಿಲಕ್ಷ್ಮಿ ನಾನು. ನಿನ್ನ ವಕೀಲಿ ಕಚೇರಿಗೆ ಫೋನ್ ಮಾಡಿದ್ದೆ. ಎತ್ತಿದವರು, "ಹೊಸಬರ ವಿಷಯ ಮೇಡಂ ಫೋನಲ್ಲಿ ಕೇಳಲ್ಲ. ಬರೆದು ಕಳಿಸಿ, ಡೇಟ್ ಹಾಕಿ" ಎಂದರು. ಹೊಸಬರು ಎಂಬ ಮಾತು ಸ್ವಲ್ಪ ಚುಚ್ಚಿತು. ಆದರೂ ಬರೆಯುತ್ತಿದ್ದೇನೆ.

ಅಪ್ಪ ಕಳೆದ ದಸರಾ ಹೊತ್ತಿಗೆ ಹೋದರು. ಕೃಷ್ಣರಾಜಪುರದ ಕೆರೆಯ ಹಿಂಬದಿಯಲ್ಲಿ ನಮ್ಮದೊಂದು ಜಾಗ ಇರುವುದು ನೆನಪಿದೆಯೇ? ಹಾಲು ಕರೆಯುತ್ತೇನೆಂದು ಹೋಗಿ ನೀನು ಒದೆಸಿಕೊಂಡ ಜಾಗ. ಸುತ್ತಲೂ ಅಪಾರ್ಟ್‌ಮೆಂಟುಗಳು ಎದ್ದ ಮೇಲೂ ಅಪ್ಪ ಅಲ್ಲಿ ಹಸು ಕಟ್ಟುವುದನ್ನು ಬಿಟ್ಟಿರಲಿಲ್ಲ. ಈಗ ಅಲ್ಲಿರುವುದು ಮೂರು ಹಸು, ಒಂದು ಎಮ್ಮೆ. ಎಲ್ಲವೂ ಹಾಲು ಬತ್ತಿದ, ವಯಸ್ಸಾದ ಪ್ರಾಣಿಗಳು.

ಅಣ್ಣ ಮುನಿನಾರಾಯಣಪ್ಪ, ತಮ್ಮ ಆನಂದ್ ಇಬ್ಬರೂ ಆ ಜಾಗಕ್ಕಾಗಿ ಕೋರ್ಟಿನಲ್ಲಿದ್ದಾರೆ. ಮಗಳೆಂದು ನನ್ನನ್ನೂ ಪ್ರತಿವಾದಿ ಮಾಡಿದ್ದಾರೆ. ಭಾಗದ ವಿಷಯ ತೀರ್ಮಾನವಾಗುವ ತನಕ ಯಥಾಸ್ಥಿತಿ ಕಾಪಾಡಬೇಕೆಂದು ಕೋರ್ಟು ಹೇಳಿತು. ಮಾರನೆಯ ದಿನ ಆನಂದ್ ಗೇಟಿಗೆ ಬೀಗ ಹಾಕಿದ. ಅದನ್ನು ಕಂಡು ಅಣ್ಣ ಅದರ ಪಕ್ಕದಲ್ಲೇ ತನ್ನದೊಂದು ಬೀಗ ಹಾಕಿದ. ಎರಡು ಕೀಲಿಯೂ ಒಟ್ಟಿಗೆ ಬರದೆ ಗೇಟು ತೆರೆಯುವುದಿಲ್ಲ. ಅವರಿಬ್ಬರೂ ಒಟ್ಟಿಗೆ ಬರುವುದಿಲ್ಲ.

ಯಥಾಸ್ಥಿತಿ ಎಂದರೆ ಒಳಗಿರುವ ಹಸುವಿನ ಹಗ್ಗವನ್ನೂ ಬಿಚ್ಚಬಾರದು, ಒಳಗೆ ಕಾಲಿಟ್ಟು ಮೇವು ಹಾಕಿದರೂ ಕೋರ್ಟಿಗೆ ವಿರುದ್ಧ, ಮೊದಲು ಒಳಗೆ ಹೋದವನು ಕೇಸು ಸೋಲುತ್ತಾನೆ ಎಂದು ಇಬ್ಬರೂ ನಂಬಿಬಿಟ್ಟಿದ್ದಾರೆ. ಅಣ್ಣನ ಕಡೆಯವನೊಬ್ಬ ನೆನಪಾದಾಗ ಗೋಡೆಯ ಮೇಲಿಂದ ಹುಲ್ಲಿನ ಕಂತೆ ಎಸೆಯುತ್ತಾನೆ. ಕಂತೆ ಬಿದ್ದ ಕಡೆಗೆ ಯಾವುದರ ಹಗ್ಗ ಎಟುಕುತ್ತದೋ ಅದು ತಿನ್ನುತ್ತದೆ. ಉಳಿದವು ನೋಡುತ್ತವೆ. ಎಮ್ಮೆಯ ಗೊರಸು ಬೆಳೆದು ಮೇಲಕ್ಕೆ ಮಡಚಿಕೊಂಡಿದೆ. ಕೆಂಪಿ ಎಂಬ ಹಸುವಿನ ಕೊರಳಿನ ಚರ್ಮದೊಳಕ್ಕೆ ಹಗ್ಗ ಇಳಿದಿದೆ.

ಒಂದು ಕುಡುಗೋಲು ತಂದು ಬ್ಯಾಗಿನಲ್ಲಿಟ್ಟುಕೊಂಡಿದ್ದೇನೆ. ಗೋಡೆ ಹಾರಿ ಹಗ್ಗ ಕತ್ತರಿಸಿಬಿಡಲೇ? ಅದನ್ನು ಕೇಳಲು ನಿನ್ನ ಹೊರತು ಇನ್ನೊಬ್ಬರು ನೆನಪಾಗಲಿಲ್ಲ.

ಉತ್ತರ ಬರೆಯದಿದ್ದರೂ ಬೇಸರವಿಲ್ಲದ,
ಆದಿ

*

ಪುಲಿಕೇಶಿನಗರ
೧೮ ಜನವರಿ ೨೦೨೫

ಆದಿ,

ಗುರುತು ಸಿಕ್ಕಿತು. ಈಗಲೂ ಸಾಲಿನ ಕೊನೆಗೆ ಬಂದಾಗ ಅಕ್ಷರಗಳನ್ನು ಒತ್ತಿ ಒತ್ತಿ ತುಂಬಿಸುತ್ತೀಯ. ಮಧ್ಯದ ವರ್ಷಗಳ ಮಾತು ಈಗ ಬೇಡ. ಹಸುಗಳಿಗೆ ಅಷ್ಟು ಪುರುಸೊತ್ತಿಲ್ಲ.

ಕುಡುಗೋಲನ್ನು ಅಡಿಗೆಮನೆಗೆ ವಾಪಸು ಇಡು. ಹಗ್ಗ ಕತ್ತರಿಸಬೇಡ, ಬೀಗ ಮುರಿಯಬೇಡ, ಹುಡುಗರನ್ನು ಕಟ್ಟಿಕೊಂಡು ಗೋಡೆ ಹಾರಬೇಡ. ಹಗ್ಗ ಕತ್ತರಿಸಿದ ಕ್ಷಣದಿಂದ ಅದು ಹಸುವಿನ ಸಂಗತಿಯಾಗಿ ಉಳಿಯುವುದಿಲ್ಲ, ಕಳ್ಳತನದ ಸಂಗತಿಯಾಗುತ್ತದೆ. ನಿನ್ನ ಅಣ್ಣ ತಮ್ಮ ಒಂದಾಗಿ ನಿನ್ನ ಮೇಲೆ ದೂರು ಕೊಡುತ್ತಾರೆ. ಅದೊಂದಕ್ಕೆ ಮಾತ್ರ ಒಂದಾಗುತ್ತಾರೆ. ಬಿಚ್ಚಿಬಿಟ್ಟ ಹಸು ಹಳೇ ಮದ್ರಾಸ್ ರಸ್ತೆಯ ಟ್ರಾಫಿಕ್ಕಿಗೆ ಸಿಕ್ಕಿ ಸಾಯುತ್ತದೆ, ಇಲ್ಲವೇ ಸಂಜೆಗೆ ಅದೇ ಗೂಟಕ್ಕೆ ವಾಪಸು ಬರುತ್ತದೆ. ಎರಡನ್ನೂ ನೋಡಿದ್ದೇನೆ.

ನೀರು ಕೊಡು, ಮೇವು ಕೊಡು, ಗೋಡೆಯ ಈಚೆಯಿಂದಲೇ ಕೊಡು. ಅದಕ್ಕೆ ಯಾರ ಅಪ್ಪಣೆಯೂ ಬೇಡ. ಸಿವಿಲ್ ಕೋರ್ಟಿನ ಆ ಆದೇಶದ ನಕಲು ತೆಗೆದು ಕಳಿಸು. ಬಾಯಲ್ಲಿ ಹೇಳಬೇಡ, ಅದರಲ್ಲಿ ಏನು ಬರೆದಿದೆಯೋ ಅದನ್ನು ನಾನು ಓದಬೇಕು. ನಾಲ್ಕು ಪ್ರಾಣಿಗಳ ಫೋಟೊ ಬೇಕು, ಒಂದೇ ಜಾಗದಲ್ಲಿ ನಿಂತು ಪ್ರತಿವಾರ ತೆಗೆದದ್ದು. ಕಿವಿಯಲ್ಲಿ ಹಳದಿ ಬಿಲ್ಲೆ ಇದ್ದರೆ ಅದರ ನಂಬರು ಬೇಕು.

ಪೊಲೀಸ್ ಠಾಣೆಗೆ ಒಂದು ದೂರು ಬರೆ. ಕಂಡದ್ದು ಮಾತ್ರ ಬರೆ. ಬೀಗ ಹಾಕಿದವರು ಎಂಥವರು, ಯಾರು ಪಾಪಿ, ನಿನ್ನ ಅಪ್ಪ ಎಂಥ ದೇವರು, ಅದೆಲ್ಲ ಬೇಡ. ಕೊಟ್ಟದ್ದಕ್ಕೆ ರಸೀದಿ ಇಲ್ಲದೆ ಅಲ್ಲಿಂದ ಏಳಬೇಡ.

ಅಂದಹಾಗೆ, ನನ್ನನ್ನು ಒದ್ದದ್ದು ಹಸುವಲ್ಲ, ಎಮ್ಮೆ.

ಖುರ್ಷೀದಾ

*

ವಿಮಾನಪುರ
೨ ಫೆಬ್ರವರಿ ೨೦೨೫

ಖುರ್ಷೀದಾ,

ಆದೇಶದ ನಕಲು, ಫೋಟೊಗಳು, ಬಿಲ್ಲೆಯ ನಂಬರುಗಳು, ನಾನು ಬರೆದ ಹೇಳಿಕೆ ಇದರೊಂದಿಗಿವೆ. ಆದೇಶವನ್ನು ನಾನೂ ಓದಿದೆ. ಷೆಡ್ಯೂಲಿನಲ್ಲಿ ಆ ಜಾಗದ ನಾಲ್ಕು ದಿಕ್ಕು ಹೇಳಿದ್ದಾರೆ: ಪೂರ್ವಕ್ಕೆ ಯಾರು, ಪಶ್ಚಿಮಕ್ಕೆ ಯಾವ ರಸ್ತೆ. ಹಸುಗಳ ಮಾತೇ ಇಲ್ಲ! ಅದನ್ನು ಹಿಡಿದುಕೊಂಡು ಖುಷಿಯಿಂದ ಆನಂದ್ ಮನೆಗೆ ಹೋದೆ.

"ಅಕ್ಕಾ, ನೀನು ಎಂ.ಎ. ಓದಿರೋದು ಕನ್ನಡ. ಇದು ಲಾ" ಎಂದ. "ಒಂದು ಕಲ್ಲೂ ಅಲ್ಲಾಡಿಸ್ಬೇಡಿ ಅಂತ ನಮ್ಮ ಲಾಯರ್ ಹೇಳವ್ರೆ. ಹಸು ಆಚೆ ಹೋದ್ರೆ ಮಾರನೇ ದಿನ ಅಣ್ಣ ಅಲ್ಲಿ ಶೆಡ್ ಎಬ್ಬಿಸ್ತಾನೆ."

"ಹಸು ಸತ್ರೆ?"

"ಸತ್ರೆ ಅವನ ತಲೆ ಮೇಲೆ ಬರತ್ತೆ."

ಅಲ್ಲಿಂದ ಅಣ್ಣನ ಮನೆಗೆ. ಅವನದು ಚಿಕ್ಕ ಉತ್ತರ. "ಬೀಗ ಮೊದ್ಲು ಹಾಕಿದ್ದು ಅವನು. ಅವನು ತೆಗೀಲಿ, ಆಮೇಲೆ ನಾನು ತೆಗೀತೀನಿ." ನಿನ್ನ ಹೆಸರು ಕೇಳಿ ಸುಮ್ಮನೆ ನಕ್ಕ. "ಬಿರಿಯಾನಿ ತಿನ್ನೋರಿಗೆ ನಮ್ಮ ಹಸು ಮೇಲೆ ಏನಮ್ಮಾ ಅಷ್ಟು ಅಕ್ಕರೆ?" ಎಂದ. ಇದನ್ನು ನಿನಗೆ ಬರೆಯಬಾರದೆಂದುಕೊಂಡಿದ್ದೆ. ಆದರೆ ಕಂಡದ್ದನ್ನು ಬರೆ ಎಂದವಳು ನೀನೇ, ಕೇಳಿದ್ದನ್ನೂ ಅದಕ್ಕೆ ಸೇರಿಸಿದ್ದೇನೆ.

ಜಾಗದ ಪಕ್ಕದ ಮನೆಯಲ್ಲಿ ಯಂಕಮ್ಮ ಎಂಬಾಕೆ ಬಾಡಿಗೆಗಿದ್ದಾಳೆ. ರಾಯಚೂರಿನ ಕಡೆಯವಳು, ನಾಲಿಗೆ ಬಲು ಚುರುಕು. ಅವಳ ನಲ್ಲಿಯಿಂದ ಪೈಪು ಎಳೆದು ಗೋಡೆಯಾಚೆಯ ತೊಟ್ಟಿಗೆ ನೀರು ಬಿಡುತ್ತಿದ್ದೇವೆ. "ನಿಮ್ಮ ಅಣ್ತಮ್ಮರ ಜಗಳದಾಗ ನನ್ನ ಪೈಪ್ ಹರದ್ ಹೋತ್ರೀ ಯಕ್ಕಾ" ಎಂದು ಬೈಯುತ್ತಲೇ ನಾನಿಲ್ಲದ ದಿನ ತಾನೇ ಬಿಡುತ್ತಾಳೆ. ತೊಟ್ಟಿಗೆ ಎರಡು ಹಸುಗಳ ಬಾಯಿ ಎಟುಕುತ್ತದೆ. ಎಮ್ಮೆ ಮತ್ತು ಕೆಂಪಿಗೆ ಎಟುಕುವುದಿಲ್ಲ. ಅವುಗಳ ಮೇಲೆ ಪೈಪು ಹಿಡಿದರೆ ಮೈಯಿಂದ ಇಳಿದ ನೀರನ್ನೇ ನೆಕ್ಕುತ್ತವೆ.

ಠಾಣೆಯಲ್ಲಿ ನಯವಾಗಿಯೇ ಮಾತಾಡಿದರು. ದೂರು ತೆಗೆದುಕೊಂಡು ರಸೀದಿ ಕೊಟ್ಟರು. ಆದರೆ ಈ ಅಪರಾಧದಲ್ಲಿ ಅವರಾಗಿಯೇ ತನಿಖೆ ಮಾಡುವ ಹಾಗಿಲ್ಲವಂತೆ. ಮ್ಯಾಜಿಸ್ಟ್ರೇಟರ ಬಳಿ ಹೋಗಿ ಎಂದರು. ರಸೀದಿ ಹಿಡಿದು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಎಲ್ಲರೂ ಸೌಜನ್ಯದಿಂದಲೇ ಇದ್ದಾರೆ, ಯಾರೂ ಬಾಗಿಲು ತೆರೆಯುತ್ತಿಲ್ಲ.

ಪ್ರೀತಿಯಿಂದ,
ಆದಿ

*

ಪುಲಿಕೇಶಿನಗರ
೯ ಫೆಬ್ರವರಿ ೨೦೨೫

ಆದಿ,

ಠಾಣೆಯವರು ಹೇಳಿದ್ದು ಸರಿ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯುವ ಕಾಯ್ದೆ ಇದೆ. ಮೇವು ನೀರು ಕೊಡದೆ ಕಟ್ಟಿಹಾಕುವುದು ಅದರಲ್ಲಿ ಅಪರಾಧವೇ. ಆದರೆ ಅಂಥ ಅಪರಾಧದ ತನಿಖೆಗೆ ಮ್ಯಾಜಿಸ್ಟ್ರೇಟರ ಅಪ್ಪಣೆ ಬೇಕು. ಆ ರಸೀದಿ ಇಲ್ಲದೆ ನನಗೆ ಅಲ್ಲಿಗೆ ಹೋಗಲಾಗುತ್ತಿರಲಿಲ್ಲ. ನೀನು ಮೆಟ್ಟಿಲ ಮೇಲೆ ಕೂತಾಗ ಅರ್ಧ ದಾರಿ ಆಗಿತ್ತು.

ನಿನ್ನ ಹೇಳಿಕೆಯನ್ನು ತಿದ್ದಿ ಕಳಿಸಿದ್ದೇನೆ. ಕೋಪ ಮಾಡಿಕೊಳ್ಳಬೇಡ. "ಕರುಣಾಜನಕ" ಹೊಡೆದುಹಾಕಿದ್ದೇನೆ, "ಮೂಕ ಪ್ರಾಣಿಗಳು" ಹೊಡೆದುಹಾಕಿದ್ದೇನೆ. ಎಮ್ಮೆ ಮೂಕವಲ್ಲ, ಇಡೀ ಬೀದಿಗೆ ಕೇಳುತ್ತದೆಂದು ಅದರಲ್ಲಿ ನೀನೇ ಬರೆದಿದ್ದೀಯ. ಹಗ್ಗದ ಉದ್ದ ಬರೆ. ತೊಟ್ಟಿಗೂ ಗೂಟಕ್ಕೂ ಎಷ್ಟು ದೂರ, ಅದು ಬರೆ. ಓದುವವರಿಗೆ ಕರುಣೆ ಬರುವುದಿದ್ದರೆ ಅಲ್ಲಿಂದ ಬರಲಿ.

ಸಿವಿಲ್ ಕೋರ್ಟಿಗೂ ಒಂದು ಅರ್ಜಿ ಹಾಕುತ್ತಿದ್ದೇನೆ. ಪ್ರಾಣಿಗಳು ಷೆಡ್ಯೂಲಿನಲ್ಲಿಲ್ಲ, ಅವನ್ನು ಸಾಗಿಸಿದರೆ ಯಥಾಸ್ಥಿತಿ ಕೆಡುವುದಿಲ್ಲ ಎಂದು ಅಲ್ಲಿಯೇ ಹೇಳಿಸಿಬಿಡೋಣ. ನಾಳೆ ಯಾರೂ ಅದನ್ನು ಎತ್ತಬಾರದು.

ಈಗ ಕಷ್ಟದ ಮಾತು. ಬಿಲ್ಲೆಗಳು ನಿನ್ನ ಅಪ್ಪನ ಹೆಸರಿನಲ್ಲಿವೆ. ಅಪ್ಪ ಇಲ್ಲ, ಭಾಗ ಆಗಿಲ್ಲ. ಹಾಗಾದರೆ ಮಾಲೀಕರು ಯಾರು? ಮುನಿನಾರಾಯಣಪ್ಪ, ಆನಂದ್, ಆದಿಲಕ್ಷ್ಮಿ. ಮಾಲೀಕರು ನೋಡಿಕೊಳ್ಳಲಿಲ್ಲ ಎಂದು ದೂರು ಕೊಟ್ಟರೆ ಮೂರನೆಯ ಆರೋಪಿ ನೀನು. ಗೋಡೆಯಾಚೆಯಿಂದ ನೀರು ಬಿಟ್ಟದ್ದು ನಿನ್ನ ಪರವಾಗಿ ಇರುತ್ತದೆ. ಆದರೂ ಹೆಸರು ಹೆಸರೇ. ನೀನು ಕಾಲೇಜಿನಲ್ಲಿ ಪಾಠ ಮಾಡುವವಳು. ಯೋಚಿಸು.

ನಿನ್ನ ಹೆಸರಿರುವ ಆ ಸಾಲು ಬರೆಯದೆ ಬಿಡಬಹುದು. ಬಿಡು ಎಂದರೆ ನಾನು ಈ ಫೈಲನ್ನು ಇನ್ನೊಬ್ಬ ವಕೀಲರಿಗೆ ಕೊಡುತ್ತೇನೆ, ನಿನ್ನ ಮೇಲೆ ಒಂಚೂರೂ ಬೇಸರವಿಲ್ಲದೆ. ಸುಳ್ಳೆಂದು ಗೊತ್ತಿರುವ ಕಾಗದಕ್ಕೆ ನಾನು ಹೆಸರು ಹಾಕುವುದಿಲ್ಲ, ಅಷ್ಟೆ.

ನಿನ್ನ ಅಣ್ಣನಿಗೆ ಹೇಳು: ಬಿರಿಯಾನಿಯನ್ನೂ ತಿನ್ನುತ್ತೇನೆ, ಕಾಯ್ದೆಯನ್ನೂ ಓದುತ್ತೇನೆ. ಒಂದರಿಂದ ಇನ್ನೊಂದಕ್ಕೆ ಅಡ್ಡಿಯಾಗಿಲ್ಲ.

ಖುರ್ಷೀದಾ

*

ಕೃಷ್ಣರಾಜಪುರ
೧೩ ಫೆಬ್ರವರಿ ೨೦೨೫

ಖುರ್ಷೀದಾ,

ಯಂಕಮ್ಮನ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಕೆಂಪಿ ಸತ್ತಿತು. ನೀನು ಹೇಳಿಕೊಟ್ಟ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಯಂಕಮ್ಮ ನೋಡಿದಾಗ ಮಲಗಿತ್ತು, ಏಳಲಿಲ್ಲ. ಹಗ್ಗದ ಉದ್ದ ಎರಡು ಮೊಳ. ತೊಟ್ಟಿ ಇದ್ದದ್ದು ಅದರ ತಲೆಯಿಂದ ಒಂದು ಮಾರು ದೂರದಲ್ಲಿ. ತೊಟ್ಟಿಯಲ್ಲಿ ನೀರಿತ್ತು.

ಅಪಾರ್ಟ್‌ಮೆಂಟಿನವರು ವಾಸನೆ ಬರುತ್ತದೆಂದು ಅಣ್ಣನಿಗೂ ಆನಂದನಿಗೂ ಫೋನ್ ಮಾಡಿದರು. ಖುರ್ಷೀದಾ, ಇಬ್ಬರೂ ಬಂದರು. ಇಬ್ಬರೂ ತಮ್ಮ ತಮ್ಮ ಕೀಲಿ ತಂದರು. ಎರಡು ಬೀಗವನ್ನೂ ತೆಗೆದರು. ಇಷ್ಟು ದಿನ ನಾಲ್ಕು ಜೀವಕ್ಕೆ ತೆರೆಯದ ಗೇಟು ಒಂದು ಹೆಣಕ್ಕೆ ತೆರೆಯಿತು.

ಹೆಣ ಸಾಗಿಸುವ ಗಾಡಿ ಬರುವ ಮೊದಲು ಸರ್ಕಾರಿ ಪಶುವೈದ್ಯರು ನೋಡಲೇಬೇಕು ಎಂದು ನೀನು ಫೋನಿನಲ್ಲಿ ಹೇಳಿದೆಯಲ್ಲ, ಡಾಕ್ಟರ್ ಹುಲಿಗೆಪ್ಪ ಅವರು ಬಂದರು. ಆನಂದ್ ಅಡ್ಡ ನಿಂತು, "ಸತ್ತಿದ್ದು ಏನ್ ಸಾರ್ ನೋಡ್ತೀರಾ?" ಎಂದ. ಅವರು ಅವನತ್ತ ತಿರುಗದೆ, "ಸತ್ತದ್ದು ಸುಳ್ಳು ಹೇಳಂಗಿಲ್ಲರೀ" ಎಂದು ಕೆಲಸ ಶುರು ಮಾಡಿದರು. ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಚೀಲಗಳು, ಬೇರೇನೂ ಇರಲಿಲ್ಲ. ಉಳಿದ ಮೂರನ್ನೂ ಒಂದೊಂದಾಗಿ ನೋಡಿ ಪ್ರಮಾಣಪತ್ರ ಬರೆದುಕೊಟ್ಟರು. ಅದು ಇದರ ಜೊತೆಗಿದೆ.

ಗಾಡಿ ಹೋದ ಮೇಲೆ ಅಣ್ಣ ತಮ್ಮ ಇಬ್ಬರೂ ಮತ್ತೆ ಬೀಗ ಹಾಕಿಕೊಂಡು ಹೋದರು.

ಮೂರನೆಯ ಹೆಸರು ಬರೆದುಬಿಡು. ಪೂರ್ತಿ ಹೆಸರು ಬರೆ, ತಂದೆಯ ಹೆಸರು ಸಮೇತ.

ಆದಿಲಕ್ಷ್ಮಿ

*

ಪುಲಿಕೇಶಿನಗರ
೧೪ ಮಾರ್ಚ್ ೨೦೨೫

ಆದಿ,

ತಿಂಗಳಿಡೀ ಬರೆಯಲಿಲ್ಲ, ಬರೆಯುವಂಥದ್ದು ಇರಲಿಲ್ಲ. ಒಮ್ಮೆ ಮ್ಯಾಜಿಸ್ಟ್ರೇಟರು ರಜೆ, ಒಮ್ಮೆ ನಿನ್ನ ಅಣ್ಣನ ವಕೀಲರಿಗೆ ಜ್ವರ. ನನಗೆ ಇದು ರೂಢಿ. ನಿನಗೆ ಹೇಗೆ ಕಳೆದಿರಬಹುದೆಂದು ಬಲ್ಲೆ.

ಇವತ್ತು ಆಯಿತು. ಸಿವಿಲ್ ಕೋರ್ಟಿನವರು ಮೊದಲೇ ಹೇಳಿದ್ದಾರೆ, ಆದೇಶ ಜಮೀನಿಗೆ ಮಾತ್ರ. ಇವತ್ತು ಮ್ಯಾಜಿಸ್ಟ್ರೇಟರು ತನಿಖೆಗೆ ಅಪ್ಪಣೆ ಕೊಟ್ಟರು. ಹುಲಿಗೆಪ್ಪನವರ ಪ್ರಮಾಣಪತ್ರವನ್ನು ಎರಡು ಸಲ ಓದಿದರು. ಪೊಲೀಸರು ಪ್ರಾಣಿಗಳನ್ನು ವಶಕ್ಕೆ ತೆಗೆದುಕೊಂಡು, ಮಹಜರು ಬರೆದು, ಕೇಸು ಮುಗಿಯುವ ತನಕ ಹೊಸಕೋಟೆಯ ಆಚೆಗಿರುವ ಗೋಶಾಲೆಯ ಆರೈಕೆಗೆ ಒಪ್ಪಿಸಬೇಕು. ಸೋಮವಾರ ಬೆಳಿಗ್ಗೆ. ಪ್ರಯಾಣ ತಾಳುತ್ತವೆ ಎಂದು ಡಾಕ್ಟರು ಬರೆದುಕೊಡದೆ ಒಂದೂ ಗಾಡಿ ಹತ್ತಬಾರದು. ಗಾಡಿಯ ನೆಲಕ್ಕೆ ಹುಲ್ಲು ಹಾಸಿಸು. ಮಹಜರಿಗೆ ಸಹಿ ಹಾಕಲು ಯಂಕಮ್ಮ ಇರಲಿ.

ನಾನು ಬರುವುದಿಲ್ಲ. ಶಿವಾಜಿನಗರದಲ್ಲಿ ಹುಟ್ಟಿದ, ನನ್ನಂಥ ಹೆಸರಿನ ಒಬ್ಬಳು ಹಸು ತುಂಬಿದ ಲಾರಿಯ ಪಕ್ಕ ನಿಂತಿರುವ ಒಂದು ಫೋಟೊ ಸಾಕು. ಅದನ್ನು ಯಾರು ಎಲ್ಲಿಗೆ ಕಳಿಸಿ ಏನೆಂದು ಬರೆಯುತ್ತಾರೋ. ಲಾರಿಯನ್ನು ಅರ್ಧ ದಾರಿಯಲ್ಲಿ ಅಡ್ಡಗಟ್ಟುತ್ತಾರೆ, ಒಳಗಿನವು ಬಿಸಿಲಲ್ಲಿ ಬೇಯುತ್ತವೆ. ಅಮ್ಮಿಗೆ ಇದನ್ನು ಹೇಳಿದಾಗ, "ಹಾಗಾದ್ರೆ ನಿಂಗೆ ಈ ಕೇಸು ಯಾಕೆ ಬೇಟಿ?" ಎಂದರು. ಆ ಎಮ್ಮೆಗೆ ನನ್ನ ಹೆಸರು ಗೊತ್ತಿಲ್ಲ ಅಮ್ಮಿ ಎಂದೆ.

ಬೇಸರ ಮಾಡಿಕೊಳ್ಳಬೇಡ. ಸೋಮವಾರ ನಾನು ಕಚೇರಿಯಲ್ಲೇ ಇರುತ್ತೇನೆ, ಫೋನು ಎದುರಿಗಿಟ್ಟುಕೊಂಡು.

ಖುರ್ಷೀದಾ

*

ವಿಮಾನಪುರ
೧೮ ಮಾರ್ಚ್ ೨೦೨೫

ಖುರ್ಷೀದಾ,

ಎಲ್ಲ ಮುಗಿಯಿತೆಂದಷ್ಟೇ ನಿನ್ನೆ ಫೋನಿನಲ್ಲಿ ಹೇಳಿದ್ದೆ. ಉಳಿದದ್ದು ಇಲ್ಲಿದೆ.

ಸಬ್‌ಇನ್‌ಸ್ಪೆಕ್ಟರ್ ಬರುವ ಹೊತ್ತಿಗೆ ಅಣ್ಣ ತಮ್ಮ ಇಬ್ಬರೂ ಗೇಟಿನ ಆ ಬದಿಗೊಬ್ಬ ಈ ಬದಿಗೊಬ್ಬ ನಿಂತಿದ್ದರು. "ಅವರು ಮೊದ್ಲು ತೆಗೀಲಿ ಸಾರ್" ಎಂದ ಆನಂದ್. "ಅವನು ಮೊದ್ಲು ಹಾಕಿದ್ದು" ಎಂದ ಅಣ್ಣ. ಸಬ್‌ಇನ್‌ಸ್ಪೆಕ್ಟರ್ ಇಬ್ಬರ ಮುಂದೆಯೂ ಕೈ ಚಾಚಿದರು. "ಎರಡೂ ಕೀ ಇಲ್ಲಿ ಕೊಡಿ. ನಾನೇ ತೆಗೀತೀನಿ. ಯಾರ್ದು ಮೊದ್ಲು ಅನ್ನೋದು ಮಹಜರಲ್ಲಿ ಬರಲ್ಲ." ಕೊಟ್ಟರು. ಗೇಟು ತೆರೆದಾಗ ಯಂಕಮ್ಮ, "ಇಷ್ಟೇನ್ರೀ ಸಾಹೇಬ್ರ? ನಾ ಏನೋ ಕೋಟೆ ಬಾಗ್ಲ ತಗೀತಾರ ಅಂತ ಮಾಡಿದ್ನಿ" ಎಂದಳು. ಒಬ್ಬ ಕಾನ್‌ಸ್ಟೇಬಲ್ ನಗು ತಡೆಯಲು ಆಚೆ ತಿರುಗಿದ.

ಹುಲಿಗೆಪ್ಪನವರು ಎಮ್ಮೆಯ ಗೊರಸನ್ನು ಅಲ್ಲಿಯೇ ಅಷ್ಟಿಷ್ಟು ಕತ್ತರಿಸಿದರು, ಹಲಗೆ ಹತ್ತುವಷ್ಟು. ಆಗ ಗೋಶಾಲೆಯ ಗಾಡಿಯ ಜೊತೆ ಬಂದಿದ್ದವರು, "ಎಮ್ಮೆ ನಾವು ತಗೊಳಲ್ಲ. ನಮ್ಮಲ್ಲಿ ಹಸು ಮಾತ್ರ" ಎಂದರು. ಎರಡು ಹಸು ಹೋಗಿ ಎಮ್ಮೆಯೊಂದೇ ಆ ಗೋಡೆಗಳ ನಡುವೆ ಉಳಿಯುವುದು ಕಣ್ಣಿಗೆ ಬಂತು.

ಹುಲಿಗೆಪ್ಪನವರು ಕೈ ತೊಳೆದುಕೊಂಡು ಬಂದು ಆದೇಶದ ಹಾಳೆ ಇಸಿದುಕೊಂಡರು. "ಓದ್ರೀ ಇಲ್ಲಿ. ಪ್ರಾಣಿ ಒಂದು, ಎಮ್ಮಿ, ಬಲಗಡೆ ಕೋಡು ಕೆಳಗ ಬಾಗೇತಿ. ಪ್ರಾಣಿ ಎರಡು, ಹಸು. ಪ್ರಾಣಿ ಮೂರು, ಹಸು. ಒಂದನೇದ್ದು ಬಿಟ್ಟು ಎರಡನೇದ್ದು ಹೆಂಗ ಏರಿಸ್ತೀರಿ? ಕೋರ್ಟಿಗೆ ಏನಂತ ಬರೀತೀರಿ?" ಗಾಡಿಯವರು ಎಲ್ಲಿಗೋ ಫೋನ್ ಮಾಡಿ ಬಹಳ ಹೊತ್ತು ಮಾತಾಡಿದರು. ಆಮೇಲೆ ಎಮ್ಮೆಯನ್ನೇ ಮೊದಲು ಹತ್ತಿಸಿದರು.

ನಿನಗೆ ಇದು ಮೊದಲೇ ಗೊತ್ತಿತ್ತು, ಅಲ್ಲವೇ? ಅದಕ್ಕೇ ನಿನ್ನ ಅರ್ಜಿಯಲ್ಲಿ ಎಮ್ಮೆಯನ್ನು ಒಂದನೆಯದಾಗಿ ಬರೆದೆ, ಆದೇಶಕ್ಕೂ ಅದೇ ಪಟ್ಟಿ ಬಂತು. ಅರ್ಜಿ ಓದಿದ ದಿನ ನನಗೆ ಹೊಳೆದೇ ಇರಲಿಲ್ಲ. ರಾತ್ರಿ ಮನೆಗೆ ಬಂದು ಅದನ್ನು ಮತ್ತೆ ಓದಿದೆ. ಮೂವತ್ತು ವರ್ಷದಿಂದ ಕವನ ಓದುತ್ತಿದ್ದೇನೆ. ಒಂದು ಪದ ಮೊದಲು ಬಂದದ್ದಕ್ಕೆ ಒಂದು ಜೀವ ಉಳಿದದ್ದನ್ನು ಮೊದಲ ಸಲ ಕಂಡೆ. ನಿನ್ನ ಅರ್ಜಿಯಲ್ಲಿ ಒಂದೂ ವಿಶೇಷಣವಿಲ್ಲ. ಎಲ್ಲಿಯೂ ನೀನಿಲ್ಲ. ಆದರೂ ಆ ಹಲಗೆಯ ಮೇಲೆ ಎಮ್ಮೆ ಕಾಲಿಟ್ಟಾಗ ಅದರ ಹಗ್ಗ ಹಿಡಿದಿದ್ದವಳು ನೀನೇ.

ಹೊಸಕೋಟೆಯ ತನಕ ಲಾರಿಯ ಹಿಂದೆ ಕಾರಿನಲ್ಲಿ ಹೋದೆ. ಗೋಶಾಲೆಯಲ್ಲಿ ನೀರಿನ ತೊಟ್ಟಿ ಕಂಡದ್ದೇ ಎಮ್ಮೆ ಮುಂಗಾಲು ಎರಡನ್ನೂ ಅದರೊಳಗೆ ಇಟ್ಟು ನಿಂತುಬಿಟ್ಟಿತು. ಯಾರು ಎಳೆದರೂ ಹೊರಗೆ ಬರಲಿಲ್ಲ.

ಅಣ್ಣ ಲಾರಿ ಹೊರಡುವ ಮುಂಚೆಯೇ ಹೋಗಿಬಿಟ್ಟಿದ್ದ. ಆನಂದ್ ನನ್ನನ್ನು ನೋಡಿಯೂ ನೋಡದ ಹಾಗೆ ನಿಂತಿದ್ದ. ಮಹಜರಿನಲ್ಲಿ ಆರೋಪಿಗಳ ಹೆಸರು ಓದುವಾಗ ನನ್ನ ಹೆಸರು ಕೇಳಿ ಮಾತ್ರ ತಲೆ ಎತ್ತಿದ. ಅವನಿಗೆ ಅದು ಗೊತ್ತಿರಲಿಲ್ಲ.

ನಿನ್ನ,
ಆದಿ

*

ಪುಲಿಕೇಶಿನಗರ
೨೧ ಜೂನ್ ೨೦೨೫

ಆದಿ,

ಸಮನ್ಸ್ ಬಂದಿದೆಯೆಂದು ನೀನು ಬರೆದಿದ್ದೆ. ಹೆದರಬೇಡ. ದೂರು ಬರೆಸಿದವಳು ನಾನು, ಆದ್ದರಿಂದ ಆರೋಪಿಯಾಗಿ ನಿನ್ನ ಪರ ನಾನು ನಿಲ್ಲುವುದು ಸರಿಯಲ್ಲ. ಉಮ್ಮೆ ಕುಲ್ಸುಂ ಎಂಬ ಕಿರಿಯ ವಕೀಲೆ ನಿಲ್ಲುತ್ತಾಳೆ. ಜೋರಾಗಿ ಮಾತಾಡುತ್ತಾಳೆ, ಬುದ್ಧಿ ಅದಕ್ಕಿಂತ ಜೋರು.

ನಿಮ್ಮ ಮುಂದೆ ಎರಡು ದಾರಿಯಿದೆ. ಸಾಕುವ ಖರ್ಚು ಕಟ್ಟಿ ಪ್ರಾಣಿಗಳನ್ನು ವಾಪಸು ಕೇಳಬಹುದು. ಇಲ್ಲವೇ ಮಾಲೀಕತ್ವವನ್ನೇ ಬಿಟ್ಟುಕೊಡಬಹುದು. ಭಾಗ ಆಗಿಲ್ಲದ ಕಾರಣ ಬಿಟ್ಟುಕೊಡಲು ಮೂವರ ಸಹಿಯೂ ಬೇಕು. ಒಬ್ಬರು ಹಾಕದಿದ್ದರೂ ಅವು ಕೇಸು ಮುಗಿಯುವ ತನಕ ತೂಗಾಡುತ್ತವೆ. ಆಮೇಲೆ ಮತ್ತೆ ಅದೇ ಗೂಟಕ್ಕೆ ಬಂದರೂ ಬರಬಹುದು. ನಿನ್ನ ಸಹಿ ನನಗೆ ಗೊತ್ತು. ಉಳಿದ ಇಬ್ಬರದು ನನ್ನ ಕೈಯಲ್ಲಿಲ್ಲ, ನಿನ್ನ ಕೈಯಲ್ಲೂ ಇಲ್ಲ.

ಮೊನ್ನೆ ಒಬ್ಬಳೇ ಹೊಸಕೋಟೆಗೆ ಹೋಗಿದ್ದೆ, ಕೋರ್ಟಿನಿಂದ ನೇರವಾಗಿ. ಎಮ್ಮೆ ನನ್ನ ಕಪ್ಪು ಕೋಟನ್ನು ಬಹಳ ಹೊತ್ತು ಮೂಸಿತು. ತನ್ನ ಬಳಗದವಳೆಂದುಕೊಂಡಿತೋ ಏನೋ. ಒದೆಯಲಿಲ್ಲ.

ಖುರ್ಷೀದಾ

*

ವಿಮಾನಪುರ
೭ ಆಗಸ್ಟ್ ೨೦೨೫

ಖುರ್ಷೀದಾ,

ಹಿಂದಿನ ಬೆಂಚಿನಲ್ಲಿ ನೀನು ಕೂತಿದ್ದು ಗೊತ್ತಿತ್ತು, ತಿರುಗಿ ನೋಡುವ ಹಾಗಿರಲಿಲ್ಲ. ನಾವು ಹೊರಗೆ ಬರುವ ಹೊತ್ತಿಗೆ ನೀನು ಇನ್ನೊಂದು ಕೋರ್ಟಿಗೆ ಓಡಿದ್ದೆ. ಒಳಗಿನದನ್ನು ನೀನೇ ನೋಡಿದ್ದೀಯ. ಆದರೂ ಬರೆದಿಡಬೇಕೆನಿಸುತ್ತಿದೆ.

ಹೆಸರು ಕೂಗಿದಾಗ ಅಣ್ಣ, ತಮ್ಮ, ನಾನು, ಮೂವರೂ ಒಂದೇ ಸಾಲಿನಲ್ಲಿ ನಿಂತೆವು. ಜಾಗ ಕಡಿಮೆ, ಭುಜಕ್ಕೆ ಭುಜ ತಾಗುತ್ತಿತ್ತು. ತಪ್ಪು ಒಪ್ಪಿಕೊಳ್ಳುತ್ತೀರಾ ಎಂದು ಕೇಳಿದಾಗ ಹೌದು ಎಂದವಳು ನಾನು ಮೊದಲು. ಅಕ್ಕ ಹೌದೆಂದ ಮೇಲೆ ಆನಂದನೂ ಹೌದೆಂದ, ಕೊನೆಗೆ ಅಣ್ಣನೂ.

ಆದರೆ ಪ್ರಾಣಿಗಳನ್ನು ಬಿಟ್ಟುಕೊಡುವ ಕಾಗದವನ್ನು ಅಣ್ಣ ಸಹಿ ಹಾಕದೆ ಹಿಡಿದುಕೊಂಡೇ ನಿಂತ. "ಸ್ವಾಮಿ, ಇದಕ್ಕೆ ಸೈನ್ ಹಾಕಿದ್ರೆ ಜಮೀನು ಬಿಟ್ಟಂಗಾಯ್ತದಾ?" ಎಂದು ಕೇಳಿದ. ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದು ಅವನನ್ನು ನೋಡಿದರು. "ಇಲ್ಲಿ ಜಮೀನಿಲ್ಲ. ಎರಡು ಹಸು ಇದೆ, ಒಂದು ಎಮ್ಮೆ ಇದೆ. ಅವು ಬೇಕಾ ಬೇಡ್ವಾ, ಅಷ್ಟು ಹೇಳಿ." ಉಮ್ಮೆ ಕುಲ್ಸುಂ ಪೆನ್ನಿನ ಮುಚ್ಚಳ ತೆಗೆದು ಅವನ ಮುಂದೆ ಹಿಡಿದಳು. ಅವನು ಆ ಪೆನ್ನನ್ನು ನೋಡಿದ ಬಗೆಯಲ್ಲಿ, ಅವು ಬೇಡವೆಂದು ತನ್ನ ಬಾಯಿಂದ ಈವರೆಗೆ ಹೇಳಿರಲೇ ಇಲ್ಲ ಎಂಬುದು ನನಗೆ ತಿಳಿಯಿತು. ಅಪ್ಪನ ಹಸು ಬೇಡ ಎಂದು ಹೇಳುವುದು ಅವನಿಗೆ ಅಷ್ಟು ಕಷ್ಟವಿತ್ತು. ಸಹಿ ಹಾಕಿದ. ಅಪ್ಪ ಹೋದ ಮೇಲೆ ನಾವು ಮೂವರೂ ಒಂದೇ ಕಾಗದಕ್ಕೆ ಸಹಿ ಮಾಡಿದ್ದು ಇದೇ ಮೊದಲು.

ದಂಡ ಎಷ್ಟು ಚಿಕ್ಕದೆಂದು ಕೇಳಿ ನನಗೆ ನಾಚಿಕೆಯಾಯಿತು. ಒಂದು ಜೀವ ಹೋದದ್ದಕ್ಕೆ ಅಷ್ಟೇನಾ? ಕಾಯ್ದೆ ಹಳೆಯದು ಎಂದು ನೀನು ಮೊದಲೇ ಹೇಳಿದ್ದೆ. ಅಷ್ಟು ಬಡಕಲು ಕಾಯ್ದೆಯನ್ನು ಹಿಡಿದುಕೊಂಡು ಮೂರು ಜೀವಗಳನ್ನು ಆ ಗೋಡೆಯಿಂದ ಆಚೆ ತಂದೆಯಲ್ಲ, ಅದರ ಬಗ್ಗೆ ಬರೆಯಹೊರಟರೆ ನೀನು ಹೊಡೆದುಹಾಕುವ ಪದಗಳೇ ಬರುತ್ತವೆ. ಬಿಡು.

ನಿನಗೆ ಗೊತ್ತಿಲ್ಲದ್ದು ಹೊರಗಿನ ಮೆಟ್ಟಿಲ ಮೇಲೆ ನಡೆಯಿತು. ಆನಂದ್ ಬೈಕಿನ ಕಡೆ ಹೋಗುತ್ತಿದ್ದವನು ವಾಪಸು ಬಂದ.

"ಅಕ್ಕಾ, ಎಮ್ಮೆ ಈಗ ನಡೀತದಾ?"

"ನಡೀತದೆ. ಈಗ ಕುಂಟಲ್ಲ."

"ಸುಳ್ಳು" ಎಂದಿತು ಹಿಂದಿನಿಂದ ಅಣ್ಣನ ಧ್ವನಿ. "ಆ ಕಾಲು ಸರಿಹೋಗಕ್ಕೆ ಸಾಧ್ಯನೇ ಇಲ್ಲ."

"ಬಂದು ನೋಡಣ್ಣ. ಭಾನುವಾರ ಗೋಶಾಲೆ ಒಳಗೆ ಬಿಡ್ತಾರೆ."

ಅಣ್ಣ ಮೂಗಿನ ಮೇಲಿನ ಬೆವರು ಒರೆಸಿಕೊಂಡ. "ಬರ್ತೀನಿ. ಅವನ ಗಾಡೀಲಿ ಮಾತ್ರ ಬರಲ್ಲ."

"ನನ್ನ ಗಾಡೀಲಿ ಬಾ ಅಂತ ಇವನನ್ನ ಕರೆದೋರ್ಯಾರು?" ಎಂದ ಆನಂದ್.

"ಕರೀಬೇಡ. ನೀನ್ ಓಡಿಸೋದು ನಂಗೊತ್ತಿಲ್ವಾ? ಹೊಸಕೋಟೆ ಟೋಲ್ ಹತ್ರ ಬೀಳಿಸ್ತೀಯ."

"ಬೀಳಿಸಿದ್ದು ನೀನು! ಅಪ್ಪನ ಲೂನಾದಲ್ಲಿ ನನ್ನನ್ನ ಹಿಂದೆ ಕೂರಿಸ್ಕೊಂಡು!"

ಹೀಗೆ ಸ್ವಲ್ಪ ಹೊತ್ತು ನಡೆಯಿತು, ಕೋರ್ಟಿನ ಮೆಟ್ಟಿಲ ಮೇಲೆ, ಎಲ್ಲರೂ ನೋಡುತ್ತಿರುವಾಗ. ಜಗಳವೇ ಅದು, ಖುರ್ಷೀದಾ. ಜಾಗದ ಕೇಸು ಇನ್ನೂ ಹಾಗೇ ಇದೆ, ಇನ್ನು ಎಷ್ಟು ವರ್ಷ ನಡೆಯುತ್ತದೋ. ಆದರೆ ಎಷ್ಟೋ ತಿಂಗಳ ನಂತರ ಅವರಿಬ್ಬರೂ ವಕೀಲರಿಲ್ಲದೆ ಆಡಿದ ಮೊದಲ ಜಗಳ ಅದು. ನಾನು ನಡುವೆ ಬಾಯಿ ಹಾಕಲಿಲ್ಲ.

ಭಾನುವಾರ ಆನಂದ್ ಬೈಕಿನಲ್ಲಿ ಬರುತ್ತಾನೆ. ಅಣ್ಣ ನನ್ನ ಕಾರಿನಲ್ಲಿ. ನಾನು ಮಸೀದಿ ರಸ್ತೆಯ ನಿನ್ನ ಮನೆಗೆ ಬಂದು ನಿನ್ನನ್ನೂ ಹತ್ತಿಸಿಕೊಳ್ಳುತ್ತೇನೆ. ಈ ಸಲ ಬರುವುದಿಲ್ಲ ಎನ್ನಬೇಡ, ಲಾರಿ ಇಲ್ಲ. ಅಣ್ಣನಿಗೆ ಹೇಳಿದ್ದೇನೆ, ಒಂದೇ ಕಾರಿನಲ್ಲಿ ನಿನ್ನ ಜೊತೆ ಕೂರಬೇಕಾಗುತ್ತದೆಂದು. "ಆಯ್ತು. ಆ ಯಮ್ಮ ದಾರೀಲಿ ಏನೂ ಬರೆಸ್ಕೊಳಲ್ವಾ?" ಎಂದು ಕೇಳಿದ.

"ಇಲ್ಲ" ಎಂದು ನಿನ್ನ ಪರವಾಗಿ ನಾನೇ ಹೇಳಿಬಿಟ್ಟಿದ್ದೇನೆ.

ಬೆಳಿಗ್ಗೆ ಹಾರ್ನ್ ಹೊಡೆಯುತ್ತೇನೆ, ಇಳಿದು ಬಾ,
ಆದಿ